ಮಳೆಗಾಲದಲ್ಲಿ ಫಾಸ್ಫೀನ್ ಸಂಕೀರ್ಣ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಮಡಿಕೇರಿಯಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಲ್ಯಾಬಿನ ಕಿಟಕಿ ತೆಗೆಯುವಂತಿಲ್ಲ. ತೆಗೆದರೆ ಮಂಜು ಸೀದಾ ಒಳಗೆ ಬರುತ್ತದೆ. ಓವನ್ನಿನಿಂದ ತೆಗೆದ ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಅದರ ಒಳಗೋಡೆಗೆ ನೀರಿನ ಪದರ ಕೂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಇಂಥ ಊರಿನಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆಂದು ಹುಡುಗ ಹುಡುಗಿಯರು ಟ್ರೈಫೀನೈಲ್‌ಫಾಸ್ಫೀನ್ ಎಂಬ ರಂಜಕದ ಸಂಯುಕ್ತ ಹಿಡಿದು, ಅದನ್ನು ಲಿಗ್ಯಾಂಡ್ ಆಗಿ, ಅಂದರೆ ಲೋಹಕ್ಕೆ ಅಂಟಿಕೊಳ್ಳುವ ಅಣುವಾಗಿ ಬಳಸಿ, ನಿಕಲ್, ಪಲೇಡಿಯಂ ಸಂಕೀರ್ಣ ಮಾಡಲು ಹೊರಡುತ್ತಾರೆ. ಏನೋ ಕೆಡುತ್ತದೆ. ಕೆಟ್ಟ ಕೂಡಲೇ "ಸಾರ್, ವಿಧಾನವೇ ತಪ್ಪಿರಬೇಕು" ಅನ್ನುತ್ತಾರೆ.

ವಿಧಾನ ತಪ್ಪಿರುವುದು ಅಪರೂಪ. ಎಲ್ಲೋ ನೀರು ಹೊಕ್ಕಿರುತ್ತದೆ, ಇಲ್ಲವೇ ಗಾಳಿ. ಹಾಗಾಗಿ ಈ ಬರಹದ ಉದ್ದಕ್ಕೂ ನಾನು ಕೇಳುವುದು ಒಂದೇ ಪ್ರಶ್ನೆ: ಎಲ್ಲಿಂದ ಹೊಕ್ಕಿತು? ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಬೆಂಗಳೂರಿಗೆ ಸ್ಯಾಂಪಲ್ ಕಳಿಸುವುದು ಆಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಕೆಲಸವೂ ಫ್ಯೂಮ್ ಹುಡ್‌ನಲ್ಲಿ, ಕನ್ನಡಕ ಮತ್ತು ಗ್ಲೌಸ್ ಹಾಕಿಕೊಂಡು, ಲ್ಯಾಬಿನಲ್ಲಿ ಇನ್ನೊಬ್ಬರು ಇರುವಾಗ. ಕರೆಂಟ್ ಹೋದರೆ ಹುಡ್‌ನ ಫ್ಯಾನ್ ಕೂಡ ನಿಲ್ಲುತ್ತದೆ, ನೆನಪಿರಲಿ. ಜನರೇಟರ್ ಇಲ್ಲದ ಲ್ಯಾಬಿನಲ್ಲಿ ಗಾಳಿ ಮಳೆಯ ದಿನ ಹೊಸ ರಿಯಾಕ್ಷನ್ ಹಾಕಲು ನಾನು ಬಿಡುವುದಿಲ್ಲ.

ಗಂಟೆಯಾದರೂ ಗ್ರಿನ್ಯಾರ್ ಶುರುವಾಗುತ್ತಿಲ್ಲ

ಬೇರೆ ಬೇರೆ ಅರೈಲ್ (ಬೆಂಜೀನ್ ಉಂಗುರದಂಥ) ಗುಂಪಿನ ಫಾಸ್ಫೀನ್ ಬೇಕೆಂದರೆ ಅರೈಲ್ ಬ್ರೋಮೈಡಿನಿಂದ ಗ್ರಿನ್ಯಾರ್ (ಬ್ರೋಮೈಡ್ ಮತ್ತು ಮೆಗ್ನೀಸಿಯಂ ಸೇರಿ ಆಗುವ, ನೀರು ತಾಗಿದರೆ ಕೆಡುವ ಕಾರಕ) ಮಾಡಿ, ಅದನ್ನು ಕ್ಲೋರೋಡೈಫೀನೈಲ್‌ಫಾಸ್ಫೀನ್ ಜೊತೆ ಸೇರಿಸುವುದು ರೂಢಿ. ಬರಿಯ ಟ್ರೈಫೀನೈಲ್‌ಫಾಸ್ಫೀನ್ ಬೇಕಿದ್ದರೆ ಕೊಂಡುಕೊಳ್ಳಿ. ಅದನ್ನು ರಂಜಕದ ಟ್ರೈಕ್ಲೋರೈಡಿನಿಂದ ಕಾಲೇಜಿನಲ್ಲಿ ಮಾಡುವುದು ಅಪಾಯವನ್ನು ಕರೆದು ಕೂರಿಸಿಕೊಂಡ ಹಾಗೆ.

ಮೆಗ್ನೀಸಿಯಂ ಚೂರು ಸುಮ್ನೆ ತಳದಲ್ಲಿ ಬಿದ್ದಿದೆ, ಗುಳ್ಳೆ ಇಲ್ಲ, ಬಿಸಿ ಇಲ್ಲ. ಮೊದಲು ಗಾರ್ಡ್ ಟ್ಯೂಬ್, ಅಂದರೆ ಒಳಗೆ ಬರುವ ಗಾಳಿಯ ತೇವ ಹೀರುವ ಕೊಳವೆ, ನೋಡಿ. ಅದರಲ್ಲಿರುವ ಕ್ಯಾಲ್ಸಿಯಂ ಕ್ಲೋರೈಡ್ ಗಟ್ಟಿ ಕಾಳಾಗಿದೆಯೋ, ಕರಗಿ ಬೆಲ್ಲದ ಪಾಕದ ಹಾಗಾಗಿದೆಯೋ? ಪಾಕವಾಗಿದ್ದರೆ ಮುಂದೆ ಹುಡುಕುವ ಅಗತ್ಯವಿಲ್ಲ. ಎಲ್ಲ ಬಿಚ್ಚಿ, ಗಾಜನ್ನು 120 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಬಿಸಿ ಇರುವಾಗಲೇ ಜೋಡಿಸಿ, ನೈಟ್ರೋಜನ್ ಬಿಟ್ಟು ಆರಿಸಿ.

ಗಾರ್ಡ್ ಟ್ಯೂಬ್ ಸರಿ ಇದ್ದರೆ ಮೆಗ್ನೀಸಿಯಂ ನೋಡಿ. ಹೊಳಪಿಲ್ಲದೆ ಬೂದು ಬಣ್ಣಕ್ಕೆ ತಿರುಗಿದ್ದರೆ ಮೇಲೆ ಆಕ್ಸೈಡ್ ಕೂತಿದೆ. ಒಣ ಖರಲಿನಲ್ಲಿ ಸ್ವಲ್ಪ ಜಜ್ಜಿ, ಒಂದು ಅಯೋಡಿನ್ ಹರಳು ಹಾಕಿ. ಶುರುವಾದರೆ ಅಯೋಡಿನ್ನಿನ ಕಂದು ಬಣ್ಣ ಮಾಯವಾಗುತ್ತದೆ, ದ್ರಾವಣ ಮಬ್ಬಾಗುತ್ತದೆ, ಈಥರ್ ತಾನಾಗಿ ಕುದಿಯುತ್ತದೆ.

ಇಲ್ಲಿ ಒಂದು ಅಪಾಯ ಇದೆ. ಶುರುವಾಗಲಿಲ್ಲ ಅಂತ ಬೇಸರಪಟ್ಟು ಉಳಿದ ಬ್ರೋಮೈಡನ್ನೆಲ್ಲ ಸುರಿಯುವವರಿದ್ದಾರೆ. ಆಮೇಲೆ ಅದು ಒಮ್ಮೆಲೇ ಎದ್ದರೆ ಕಂಡೆನ್ಸರ್ ತಡೆಯುವುದಿಲ್ಲ. ಒಟ್ಟು ಬ್ರೋಮೈಡಿನ ಹತ್ತರಲ್ಲಿ ಒಂದು ಪಾಲು ಮಾತ್ರ ಮೊದಲು ಹಾಕಿ. ಎದ್ದಿದ್ದು ಖಾತ್ರಿಯಾದ ಮೇಲೆ ಉಳಿದದ್ದನ್ನು ಹನಿ ಹನಿಯಾಗಿ ಬಿಡಿ. ಐಸ್ ಇರುವ ಬೇಸಿನ್ ಪಕ್ಕದಲ್ಲೇ ಇರಲಿ. ಮೆಗ್ನೀಸಿಯಂಗೆ ಬೆಂಕಿ ಹಿಡಿದರೆ ಒಣ ಮರಳು. ನೀರು ಬೇಡ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂಡ ಬೇಡ.

ಇಷ್ಟಾದರೂ ಎದ್ದಿಲ್ಲವೆಂದರೆ ದ್ರಾವಕದ ಮೇಲೆ ಅನುಮಾನ. ಸೋಡಿಯಂ ಮತ್ತು ಬೆಂಜೋಫಿನೋನ್ ಹಾಕಿದ ಟೆಟ್ರಾಹೈಡ್ರೋಫ್ಯೂರಾನ್ ದ್ರಾವಕ, ಅಂದರೆ ಟಿಎಚ್‌ಎಫ್ ಒಣಗಿದಾಗ ಕಡು ನೀಲಿಗೆ, ಆಮೇಲೆ ನೇರಳೆಗೆ ಬರುತ್ತದೆ. ನಮ್ಮ ಕಡೆಯವರಿಗೆ ಬಣ್ಣ ಹೇಳುವುದು ಸುಲಭ: ಕಕ್ಕಡ ಹದಿನೆಂಟಕ್ಕೆ ಮಾಡುವ ಮದ್ದುಸೊಪ್ಪಿನ ಪಾಯಸದ ಬಣ್ಣ. ಹಸಿರೋ ಹಳದಿಯೋ ಇದ್ದರೆ ಇನ್ನೂ ನೀರಿದೆ. ಆದರೆ ಸುತ್ತ ನೀರು ಸೋರುವ ಕಾಲದಲ್ಲಿ ಸೋಡಿಯಂ ಬಳಸುವುದು ನನಗೆ ಇಷ್ಟವಿಲ್ಲ. 3 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ (ನೀರನ್ನು ಹೀರಿ ಹಿಡಿಯುವ ಸೂಕ್ಷ್ಮ ರಂಧ್ರದ ಮಣಿ) ಸಾಕು. ಅದನ್ನು 300 ಡಿಗ್ರಿ ಹತ್ತಿರ ಕೆಲವು ಗಂಟೆ ಕಾಯಿಸಿ, ನೈಟ್ರೋಜನ್ನಿನಲ್ಲಿ ಆರಿಸಿ, ಟಿಎಚ್‌ಎಫ್‌ನಲ್ಲಿ ಎರಡು ದಿನ ಬಿಡಿ. ಸೀವ್ ಕೆಲಸ ಮಾಡುತ್ತದಾ ಅಂತ ನೋಡಬೇಕಾ? ಆರಿದ ನಾಲ್ಕು ಮಣಿಯನ್ನು ಗ್ಲೌಸ್ ಹಾಕಿದ ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಡಿ. ಬಿಸಿ ತಟ್ಟಿದರೆ ಸರಿ ಇದೆ. ಕಾಫಿ ಒಣಗಿದೆಯಾ ಅಂತ ಬೀಜ ಕಚ್ಚಿ ನೋಡುತ್ತೇವಲ್ಲ, ಹಾಗೆ. ಇದನ್ನು ಮಾತ್ರ ಕಚ್ಚಬೇಡಿ.

ಪುಸ್ತಕದಲ್ಲಿ ಇದ್ದ ಉಷ್ಣತೆಗಿಂತ ಮೊದಲೇ ಕುದಿಯುತ್ತಿದೆ

ಇದು ದೋಷವೇ ಅಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಇಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಎಥನಾಲ್ 78 ಬದಲು 75ರ ಹತ್ತಿರ, ಟಿಎಚ್‌ಎಫ್ 66 ಬದಲು 62ರ ಹತ್ತಿರ, ಡೈಈಥೈಲ್ ಈಥರ್ 30–31ಕ್ಕೇ. ಥರ್ಮಾಮೀಟರ್ ಸರಿಯಿದೆ, ದ್ರಾವಕವೂ ಸರಿಯಿದೆ. ರಿಫ್ಲಕ್ಸ್ (ಆವಿಯನ್ನು ತಣಿಸಿ ಮತ್ತೆ ಫ್ಲಾಸ್ಕಿಗೆ ಬೀಳಿಸುತ್ತ ಕುದಿಸುವುದು) ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಕೊಡಿ.

ಚಂದದ ಬಿಳಿ ಹರಳು ಬಂತು, ಆದರೆ 80ಕ್ಕೆ ಕರಗುತ್ತಿಲ್ಲ

ಒಬ್ಬಳು ವಿದ್ಯಾರ್ಥಿನಿ ಜುಲೈನಲ್ಲಿ ಒಂದು ವಾಚ್ ಗ್ಲಾಸ್ ತುಂಬ ಸೂಜಿಯಂಥ ಹರಳು ತಂದು ತೋರಿಸಿದಳು. ಉಳಿದ ಲಿಗ್ಯಾಂಡನ್ನು ಶುದ್ಧ ಮಾಡಿ ವಾಪಸ್ ಪಡೆದಿದ್ದೇನೆ ಅಂತ ಖುಷಿ. ಕ್ಯಾಪಿಲರಿಯಲ್ಲಿ ತುಂಬಿ ಕರಗುವ ಬಿಂದು ನೋಡುವ ಥೀಲೆ ಟ್ಯೂಬಿನಲ್ಲಿ ಇಳಿಬಿಟ್ಟೆವು. ಎಂಬತ್ತು ದಾಟಿತು, ಅಲ್ಲಾಡಲಿಲ್ಲ. ನೂರು ದಾಟಿತು. ಅವಳು ಥರ್ಮಾಮೀಟರ್ ತಟ್ಟಿ ನೋಡಿದಳು. 156ಕ್ಕೆ ಹರಳು ಅಂಚಿನಿಂದ ಒದ್ದೆಯಾಗಿ ಒಂದೇ ಸಲಕ್ಕೆ ಕುಸಿಯಿತು. ಅವಳ ಮುಖವೂ.

ಟ್ರೈಫೀನೈಲ್‌ಫಾಸ್ಫೀನ್ 80 ಡಿಗ್ರಿ ಹತ್ತಿರ ಕರಗುತ್ತದೆ. ಅದರ ಆಕ್ಸೈಡ್ 156ರ ಹತ್ತಿರ. ಎರಡೂ ಬಿಳಿ, ಎರಡೂ ಚಂದ. ನಡುವೆ ಎಲ್ಲೋ ಉದ್ದಕ್ಕೆ ಎಳೆದುಕೊಂಡು ಕರಗಿದರೆ, ಅಥವಾ 80ಕ್ಕಿಂತ ಕೆಳಗೇ ಮೆತ್ತಗಾದರೆ, ಎರಡೂ ಬೆರೆತಿವೆ ಅಂತ ಅರ್ಥ.

ಇನ್ನೂ ಬೇಗ ತಿಳಿಯಬೇಕಾದರೆ, ಸಿಲಿಕಾ ಹಚ್ಚಿದ ತಟ್ಟೆಯ ಮೇಲೆ ದ್ರಾವಕ ಏರುತ್ತ ವಸ್ತುಗಳನ್ನು ಬೇರ್ಪಡಿಸುವ ಟಿಎಲ್‌ಸಿ. ಹೆಕ್ಸೇನ್ ಒಂಬತ್ತು ಪಾಲು, ಈಥೈಲ್ ಅಸಿಟೇಟ್ ಒಂದು ಪಾಲು. ಫಾಸ್ಫೀನ್ ಮೇಲಕ್ಕೆ ಓಡುತ್ತದೆ, ಆಕ್ಸೈಡ್ ಹಾಕಿದ ಜಾಗದಲ್ಲೇ ಕೂತಿರುತ್ತದೆ. ಯುವಿ ದೀಪ ಕೆಟ್ಟಿದ್ದರೆ ಅಯೋಡಿನ್ ಡಬ್ಬಿ ಸಾಕು. ಪಕ್ಕದಲ್ಲಿ ಬಾಟಲಿಯಿಂದ ತೆಗೆದ ಫಾಸ್ಫೀನ್‌ನ ಒಂದು ಚುಕ್ಕೆಯನ್ನು ಹೋಲಿಕೆಗೆ ಇಡಿ.

ಬಿಡಿಸುವುದು ಹೇಗೆ? ಬಿಸಿ ಹೆಕ್ಸೇನ್‌ನಲ್ಲಿ ಫಾಸ್ಫೀನ್ ಕರಗುತ್ತದೆ, ಆಕ್ಸೈಡ್ ಹೆಚ್ಚುಕಡಿಮೆ ಕರಗುವುದಿಲ್ಲ. ಬಿಸಿಯಲ್ಲೇ ಸೋಸಿ ತಣಿಸಿ. ಬಿಸಿ ಮಾಡಲು ನೀರಿನ ಬಾತ್ ಮಾತ್ರ, ಹತ್ತಿರ ಬೆಂಕಿ ಬೇಡ.

ಸರಿ, ಆಕ್ಸೈಡ್ ಎಲ್ಲಿಂದ ಬಂತು?

ಹುಡುಗರು ಕೂಡಲೇ ಗಾಳಿಯ ಕಡೆ ಬೆರಳು ತೋರಿಸುತ್ತಾರೆ. ಆದರೆ ಘನ ರೂಪದ ಟ್ರೈಫೀನೈಲ್‌ಫಾಸ್ಫೀನ್ ಗಾಳಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬಾಟಲಿಯಲ್ಲಿ ವರ್ಷಗಟ್ಟಲೆ ಚೆನ್ನಾಗೇ ಇರುತ್ತದೆ. ದ್ರಾವಣದಲ್ಲಿ ನಿಧಾನವಾಗಿ ಕೆಡುತ್ತದೆ. ಲೋಹ ಜೊತೆಗಿದ್ದರೆ ಬೇಗ.

ಹಾಗಾಗಿ ಮೊದಲು ಬಾಟಲಿಯದ್ದನ್ನೇ ಟಿಎಲ್‌ಸಿ ಮಾಡಿ. ಅದು ಶುದ್ಧವಾಗಿದ್ದು, ರಿಯಾಕ್ಷನ್ ಆದ ಮೇಲೆ ಆಕ್ಸೈಡ್ ಕಂಡರೆ ಹಳೆಯ ಟಿಎಚ್‌ಎಫ್‌ನ ಪೆರಾಕ್ಸೈಡ್ ಮೇಲೆ ಅನುಮಾನಪಡಿ. ಪೆರಾಕ್ಸೈಡ್ ಫಾಸ್ಫೀನನ್ನು ಸೀದಾ ಆಕ್ಸೈಡ್ ಮಾಡುತ್ತದೆ. ನೀವು ನೈಟ್ರೋಜನ್ ಎಷ್ಟು ಬಿಟ್ಟರೂ ಅಷ್ಟೇ, ಕಳ್ಳ ಮನೆಯೊಳಗೇ ಇದ್ದಾನೆ. ಒಂದು ಮಿಲಿಲೀಟರ್ ಗ್ಲೇಷಿಯಲ್ ಅಸಿಟಿಕ್ ಆಮ್ಲದಲ್ಲಿ ನೂರು ಮಿಲಿಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಹಾಕಿ, ಅದಕ್ಕೆ ಒಂದು ಮಿಲಿಲೀಟರ್ ಟಿಎಚ್‌ಎಫ್ ಸೇರಿಸಿ. ಹಳದಿ ಬಂದರೆ ಸ್ವಲ್ಪ ಇದೆ. ಕಂದು ಬಂದರೆ ಆ ಬಾಟಲಿಯನ್ನು ಬಟ್ಟಿ ಇಳಿಸುವ ಯೋಚನೆಯನ್ನೂ ಮಾಡಬೇಡಿ.

ಬಾಟಲಿಯ ಮುಚ್ಚಳದ ಸುತ್ತ ಹರಳು ಕಂಡರೆ ಮುಟ್ಟಲೇಬಾರದು. ತಿರುಗಿಸಬೇಡಿ, ಅಲ್ಲಾಡಿಸಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ವಿಭಾಗದ ಮುಖ್ಯಸ್ಥರಿಗೂ ಅಗ್ನಿಶಾಮಕದವರಿಗೂ ಹೇಳಿ.

ದ್ರಾವಕವೂ ಸರಿ ಇದ್ದರೆ ನೈಟ್ರೋಜನ್ ದಾರಿ. ಬಲೂನಿನಲ್ಲಿ ನೈಟ್ರೋಜನ್ ತುಂಬಿ ರಾತ್ರಿಯಿಡೀ ಬಿಟ್ಟಿದ್ದೀರಾ? ರಬ್ಬರಿನ ಮೂಲಕ ಆಮ್ಲಜನಕವೂ ತೇವವೂ ಒಳಗೆ ಬರುತ್ತವೆ. ಎರಡು ಗಂಟೆಗೆ ಬಲೂನ್ ನಡೆಯುತ್ತದೆ, ಎರಡು ದಿನಕ್ಕಲ್ಲ. ಶ್ಲೆಂಕ್ ಲೈನ್ (ನೈಟ್ರೋಜನ್, ವ್ಯಾಕ್ಯೂಮ್ ಎರಡನ್ನೂ ಕೊಡುವ ಗಾಜಿನ ಕೊಳವೆ ವ್ಯವಸ್ಥೆ) ಇದ್ದರೆ ಬಬ್ಲರ್, ಅಂದರೆ ಅನಿಲ ಹೊರಹೋಗುವ ಎಣ್ಣೆಯ ಬುರುಡೆ, ನೋಡಿ: ಎಣ್ಣೆ ಕೊಳವೆಯಲ್ಲಿ ಹಿಂದಕ್ಕೆ ಏರಿದ ಗುರುತಿದೆಯಾ? ಇದ್ದರೆ ಫ್ಲಾಸ್ಕ್ ತಣ್ಣಗಾಗುವಾಗ ಗಾಳಿ ಎಳೆದುಕೊಂಡಿದೆ.

ಬಣ್ಣ ಬದಲಾಗಿದೆ

ಬಣ್ಣ ಅಗ್ಗದ ಪರೀಕ್ಷೆ. ಆದರೆ ಎಲ್ಲ ಬದಲಾವಣೆಯೂ ಕೆಟ್ಟದ್ದಲ್ಲ.

ಬಿಸಿ ಅಸಿಟಿಕ್ ಆಮ್ಲದಲ್ಲಿ ನಿಕಲ್ ಕ್ಲೋರೈಡ್ ಮತ್ತು ಟ್ರೈಫೀನೈಲ್‌ಫಾಸ್ಫೀನ್ ಸೇರಿಸಿದಾಗ ಮೊದಲು ಬೀಳುವುದು ಆಲಿವ್ ಹಸಿರು ಪುಡಿ. ಇದನ್ನು ನೋಡಿ ಎಸೆದವರಿದ್ದಾರೆ. ಎಸೆಯಬೇಡಿ. ಅದೇ ದ್ರಾವಣದಲ್ಲಿ ಒಂದು ದಿನ ಬಿಟ್ಟರೆ ಕಡು ನೀಲಿ ಹರಳಾಗುತ್ತದೆ. ಅಸಿಟಿಕ್ ಆಮ್ಲದಲ್ಲೇ ತೊಳೆಯಿರಿ. ನೀರಿನಲ್ಲಿ ತೊಳೆದರೆ ಬಣ್ಣ ಇಳಿದು ತಿಳಿ ಹಸಿರಾಗುತ್ತದೆ. ಅದು ಮತ್ತೆ ನೀರು ಕುಡಿದ ನಿಕಲ್ ಲವಣ, ನಿಮ್ಮ ಸಂಕೀರ್ಣ ಬಿಟ್ಟುಹೋಯಿತು.

ಟ್ರೈಫೀನೈಲ್‌ಫಾಸ್ಫೀನ್ ಬದಲು ಡಿಪಿಪಿಇ (ಎರಡು ರಂಜಕ ಇರುವ ಫಾಸ್ಫೀನ್ ಲಿಗ್ಯಾಂಡ್) ಹಾಕಿದವರಿಗೆ ಕಿತ್ತಳೆ ಬಣ್ಣ ಬರುತ್ತದೆ. ಅದೂ ಸರಿಯೇ. ಎರಡು ಕೈಯಲ್ಲಿ ಹಿಡಿಯುವ ಆ ಲಿಗ್ಯಾಂಡ್ ನಿಕಲ್ಲನ್ನು ಚಪ್ಪಟೆ ಚೌಕಕ್ಕೆ ತರುತ್ತದೆ. ಟ್ರೈಫೀನೈಲ್‌ಫಾಸ್ಫೀನ್ ಇದ್ದಾಗ ಚತುರ್ಮುಖ ಆಕಾರ.

ಪಲೇಡಿಯಂಗೆ ನಾಲ್ಕು ಟ್ರೈಫೀನೈಲ್‌ಫಾಸ್ಫೀನ್ ಕೂತ ಸಂಕೀರ್ಣ ಹೊಸದಾಗಿದ್ದಾಗ ಒಳ್ಳೆ ಹಳದಿ. ಹಸಿರು ಛಾಯೆ ಬಂತೆಂದರೆ ಗಾಳಿ ತಾಗಿದೆ. ಕಂದಾದರೆ ಮುಗಿಯಿತು. ಕಪ್ಪು ಪುಡಿ ಕಂಡರೆ ಅದು ಬರಿಯ ಪಲೇಡಿಯಂ ಲೋಹ. ಸುಜುಕಿ ಜೋಡಣೆ (ಈ ಸಂಕೀರ್ಣವನ್ನು ವೇಗವರ್ಧಕವಾಗಿ ಬಳಸಿ ಬೋರಾನಿಕ್ ಆಮ್ಲವನ್ನು ಅರೈಲ್ ಹ್ಯಾಲೈಡಿಗೆ ಜೋಡಿಸುವ ರಿಯಾಕ್ಷನ್) ಆಗಲಿಲ್ಲ ಅಂತ ಬೋರಾನಿಕ್ ಆಮ್ಲವನ್ನು ಬೈಯುವ ಮೊದಲು ವೇಗವರ್ಧಕದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಇದನ್ನು ಆರ್ಗಾನ್ ಅಥವಾ ನೈಟ್ರೋಜನ್ ತುಂಬಿ, ಬೆಳಕು ತಾಗದ ಹಾಗೆ ಫ್ರಿಜ್‌ನಲ್ಲಿಡಬೇಕು. ಫ್ರಿಜ್‌ನಿಂದ ತೆಗೆದು ತಣ್ಣಗಿರುವಾಗಲೇ ಮುಚ್ಚಳ ತೆರೆದರೆ ಒಳಗೆ ಇಬ್ಬನಿ ಕೂರುತ್ತದೆ. ಕೋಣೆಯ ಶಾಖಕ್ಕೆ ಬರುವವರೆಗೆ ಕಾಯಿರಿ.

ಐಆರ್‌ನಲ್ಲಿ 3400ರ ಹತ್ತಿರ ದೊಡ್ಡ ಗುಡ್ಡ

ಐಆರ್ ಅಂದರೆ ಇನ್ಫ್ರಾರೆಡ್ ಸ್ಪೆಕ್ಟ್ರಂ, ಅಂಕಿಗಳು ತರಂಗಸಂಖ್ಯೆ (ಸೆಂ.ಮೀ.⁻¹). ಹೈಡ್ರಾಕ್ಸಿ ಗುಂಪು ಬಂತು ಅಂತ ಪ್ರಾಜೆಕ್ಟ್ ವರದಿಯಲ್ಲಿ ಬರೆಯಬೇಡಿ. ಅದು ಬಹುಪಾಲು ಪೊಟ್ಯಾಸಿಯಂ ಬ್ರೋಮೈಡ್ ಕುಡಿದ ಮಳೆ. ಜೊತೆಗೆ 1630ರ ಹತ್ತಿರವೂ ಒಂದು ಉಬ್ಬು ಇರುತ್ತದೆ. ಸ್ಯಾಂಪಲ್ ಹಾಕದೆ ಬರಿಯ ಬ್ರೋಮೈಡಿನ ಬಿಲ್ಲೆ ಒತ್ತಿ ಒಮ್ಮೆ ಓಡಿಸಿದರೆ ಗೊತ್ತಾಗುತ್ತದೆ. ನೀವು ನೋಡಬೇಕಾದ್ದು 1190ರ ಸುತ್ತ. ಅಲ್ಲಿ ಗಟ್ಟಿ ಪಟ್ಟೆ ಇದ್ದರೆ ಅದು ರಂಜಕ–ಆಮ್ಲಜನಕದ ಜೋಡಿ. 1150 ಕಡೆಗೆ ಸರಿದಿದ್ದರೆ ಆಕ್ಸೈಡೇ ಲೋಹಕ್ಕೆ ಅಂಟಿಕೊಂಡಿರಬಹುದು. 1435ರ ಪಟ್ಟೆ ಹೇಗೂ ಇರುತ್ತದೆ, ಅದು ರಂಜಕ–ಫೀನೈಲ್ ಜೋಡಿಯದ್ದು.

ರಂಜಕ ಎನ್‌ಎಂಆರ್‌ನಲ್ಲಿ ಬೇಡದ ಗೆರೆಗಳು

ಎನ್‌ಎಂಆರ್ ಅಂದರೆ ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಸಿಗ್ನಲ್ ನೋಡುವ ಪರೀಕ್ಷೆ. ಇಲ್ಲಿಂದ ಕಾಸು ಖರ್ಚು. ಕೊಡಗಿನ ನಮ್ಮಂಥ ಲ್ಯಾಬುಗಳು ಸ್ಯಾಂಪಲನ್ನು ಘಟ್ಟ ಇಳಿಸಿ ಮೈಸೂರು, ಬೆಂಗಳೂರು ಅಂತ ಕಳಿಸಬೇಕು. ದಯವಿಟ್ಟು ದ್ರಾವಣ ಮಾಡಿ ಕಳಿಸಬೇಡಿ. ಪಾರ್ಸೆಲ್ಲಿನಲ್ಲಿ ಎರಡು ದಿನ ಕುಲುಕಿಕೊಂಡು ಹೋಗುವಷ್ಟರಲ್ಲಿ ಅರ್ಧ ಆಕ್ಸೈಡ್ ಆಗಿರಬಹುದು. ಘನವನ್ನೇ ನೈಟ್ರೋಜನ್ನಿನಲ್ಲಿ ಸೀಲ್ ಮಾಡಿ ಕಳಿಸಿ, ಅಲ್ಲೇ ಕರಗಿಸಲು ಹೇಳಿ. ಸಂಕೀರ್ಣ ನಾಜೂಕಾಗಿದ್ದರೆ ಡ್ಯೂಟೀರಿಯಂ ಕ್ಲೋರೋಫಾರ್ಮ್ ಬೇಡ. ಹಳೆಯ ಬಾಟಲಿಯಲ್ಲಿ ಆಮ್ಲ ಇರುತ್ತದೆ. ಡ್ಯೂಟೀರಿಯಂ ಬೆಂಜೀನ್ ಕೇಳಿ.

ರಂಜಕ-31 ಪ್ರಕೃತಿಯಲ್ಲಿ ನೂರಕ್ಕೆ ನೂರು ಇರುವ ಐಸೊಟೋಪ್, ಹಾಗಾಗಿ ಸಿಗ್ನಲ್ ಸುಲಭಕ್ಕೆ ಸಿಗುತ್ತದೆ. 85 ಶೇಕಡ ಫಾಸ್ಫಾರಿಕ್ ಆಮ್ಲವನ್ನು ಸೊನ್ನೆ ಎಂದಿಟ್ಟುಕೊಂಡರೆ, ಟ್ರೈಫೀನೈಲ್‌ಫಾಸ್ಫೀನ್ ಮೈನಸ್ 5ರಿಂದ ಮೈನಸ್ 6 ಪಿಪಿಎಂ (ಗೆರೆಯ ಸ್ಥಾನದ ಅಳತೆ) ನಡುವೆ. ಅದು ಕಂಡರೆ ಲಿಗ್ಯಾಂಡ್ ಬಿಡಿಯಾಗಿ ಉಳಿದಿದೆ. 29ರ ಹತ್ತಿರ ಆಕ್ಸೈಡ್. ಎರಡು ಟ್ರೈಫೀನೈಲ್‌ಫಾಸ್ಫೀನ್, ಎರಡು ಕ್ಲೋರೈಡ್ ಇರುವ ಹಳದಿ ಪಲೇಡಿಯಂ ಸಂಕೀರ್ಣ 23–24ರ ಹತ್ತಿರ. 82ರ ಹತ್ತಿರ ಗೆರೆ ಇದ್ದರೆ ಕ್ಲೋರೋಡೈಫೀನೈಲ್‌ಫಾಸ್ಫೀನ್ ಇನ್ನೂ ರಿಯಾಕ್ಟ್ ಆಗಿಲ್ಲ.

ತುಂಬ ಜನ ಎಡವುವುದು 21–22ರ ಹತ್ತಿರದ ಗೆರೆಯಲ್ಲಿ. ಅದನ್ನು ಸಂಕೀರ್ಣ ಅಂದುಕೊಳ್ಳುತ್ತಾರೆ. ಪ್ರೋಟಾನ್ ಡಿಕಪ್ಲಿಂಗ್ (ಹೈಡ್ರೋಜನ್ನಿನಿಂದಾಗುವ ಸೀಳನ್ನು ಅಳಿಸುವ ಕ್ರಮ) ಇಲ್ಲದೆ ಇನ್ನೊಮ್ಮೆ ಓಡಿಸಿ. ಗೆರೆ ಸುಮಾರು 480 ಹರ್ಟ್ಸ್ ಅಂತರದಲ್ಲಿ ಎರಡಾಗಿ ಸೀಳಿದರೆ ರಂಜಕಕ್ಕೆ ನೇರವಾಗಿ ಹೈಡ್ರೋಜನ್ ಅಂಟಿದೆ. ಅಂದರೆ ಕ್ಲೋರೋಡೈಫೀನೈಲ್‌ಫಾಸ್ಫೀನ್ ನೀರು ಕುಡಿದು ಡೈಫೀನೈಲ್‌ಫಾಸ್ಫೀನ್ ಆಕ್ಸೈಡ್ ಆಗಿದೆ. ಮತ್ತೆ ಗಾರ್ಡ್ ಟ್ಯೂಬಿಗೇ ಹೋಗಿ.

ಇನ್ನೊಂದು ನನ್ನದೇ ಕಥೆ. ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ಕಾಲ. ಪ್ಲಾಟಿನಂನ ಸಿಸ್ ಸಂಕೀರ್ಣ (ಎರಡು ಟ್ರೈಫೀನೈಲ್‌ಫಾಸ್ಫೀನ್ ಅಕ್ಕಪಕ್ಕ ಕೂತದ್ದು; ಎದುರುಬದುರಾದರೆ ಟ್ರಾನ್ಸ್) ಮಾಡಿದ್ದೆ. 14 ಪಿಪಿಎಂ ಹತ್ತಿರ ಚೂಪು ಗೆರೆ, ಅದರ ಆಚೆ ಈಚೆ ಕಾಲು ಭಾಗ ಎತ್ತರದ ಎರಡು ಗೆರೆ. ಕಲ್ಮಶ ಅಂತ ಎರಡು ದಿನ ಮತ್ತೆ ಮತ್ತೆ ಹರಳು ಕಟ್ಟಿಸಿದೆ. ಪ್ರತಿಸಲವೂ ಅದೇ ಎರಡು ಗೆರೆ, ಅದೇ ಎತ್ತರ. ಮೂರನೇ ದಿನ ಸೀನಿಯರ್ ಒಬ್ಬರು ಕಾಗದದ ಮೇಲೆ ಸ್ಕೇಲ್ ಇಟ್ಟು, "ಎರಡೂ ಕಡೆ ಅಂತರ ಒಂದೇ ಇದೆ ನೋಡು ಮಾರಾಯ" ಅಂದರು. ಪ್ಲಾಟಿನಂನಲ್ಲಿ ಸುಮಾರು ಮೂರನೇ ಒಂದು ಪಾಲು ಪ್ಲಾಟಿನಂ-195. ಅದರ ಜೊತೆ ಸೇರಿದ ರಂಜಕ ಮಾತ್ರ ಎರಡಾಗಿ ಸೀಳುತ್ತದೆ. ಅವು ಕಲ್ಮಶವಲ್ಲ, ಸಂಕೀರ್ಣ ಆಗಿದೆ ಎನ್ನುವ ಸಾಕ್ಷಿ. ಅಂತರ 3,600 ಹರ್ಟ್ಸ್ ಮೇಲಿದ್ದರೆ ಸಿಸ್, 2,600 ಆಸುಪಾಸಿದ್ದರೆ ಟ್ರಾನ್ಸ್. ಅನುಮಾನ ಉಳಿದರೆ ಬೇರೆ ಶಕ್ತಿಯ ಯಂತ್ರದಲ್ಲಿ ಓಡಿಸಿ. ಹರ್ಟ್ಸ್ ಲೆಕ್ಕದ ಅಂತರ ಬದಲಾಗದಿದ್ದರೆ ಅದು ಸೀಳು. ಪಿಪಿಎಂ ಲೆಕ್ಕದ್ದು ಬದಲಾಗದಿದ್ದರೆ ಕಲ್ಮಶ.

ಶೇಕಡಾವಾರು ಲೆಕ್ಕದಲ್ಲೂ ಹುಷಾರು. ಮಾಮೂಲಿ ಡಿಕಪ್ಲಿಂಗ್ ಸ್ಪೆಕ್ಟ್ರಂನಲ್ಲಿ ಗೆರೆಯ ವಿಸ್ತೀರ್ಣ ನೋಡಿ "ಆಕ್ಸೈಡ್ ಇಪ್ಪತ್ತು ಶೇಕಡ" ಅನ್ನಲಾಗದು. ಒಂದೊಂದು ರಂಜಕ ಪಲ್ಸ್ ಆದ ಮೇಲೆ ಒಂದೊಂದು ವೇಗದಲ್ಲಿ ಸುಧಾರಿಸಿಕೊಳ್ಳುತ್ತದೆ. ಅಳತೆ ಬೇಕೇ ಬೇಕೆಂದರೆ ಇನ್ವರ್ಸ್ ಗೇಟೆಡ್ ವಿಧಾನ (ಸಿಗ್ನಲ್ ಓದುವಾಗ ಮಾತ್ರ ಡಿಕಪ್ಲಿಂಗ್), ಪಲ್ಸ್‌ಗಳ ನಡುವೆ ದೊಡ್ಡ ಬಿಡುವು, ಎರಡನ್ನೂ ಕೇಳಿ.

ಗೆರೆಯೇ ಇಲ್ಲ, ಅಥವಾ ಚಪ್ಪಟೆ ದಿಬ್ಬ

ನೀಲಿ ನಿಕಲ್ ಸಂಕೀರ್ಣ ಕಳಿಸಿದ್ದರೆ ದುಡ್ಡು ದಂಡ. ಅದರಲ್ಲಿ ಜೋಡಿಯಾಗದ ಎರಡು ಎಲೆಕ್ಟ್ರಾನ್ ಇವೆ, ರಂಜಕದ ಗೆರೆ ಸಿಗುವುದಿಲ್ಲ. ಮೂಲೆಯಲ್ಲಿ ಧೂಳು ಹಿಡಿದಿರುವ ಗೂಯಿ ತಕ್ಕಡಿ (ವಸ್ತುವಿನ ಕಾಂತೀಯತೆ ಅಳೆಯುವ ತಕ್ಕಡಿ) ಒರೆಸಿ ತೂಗಿ. ಮೂರು ಬೋರ್ ಮ್ಯಾಗ್ನೆಟಾನ್ ಅಥವಾ ಸ್ವಲ್ಪ ಮೇಲೆ ಬಂದರೆ ನಿಮ್ಮ ಸಂಕೀರ್ಣ ಸರಿಯಾಗಿದೆ. ಕಿತ್ತಳೆ ಡಿಪಿಪಿಇ ಸಂಕೀರ್ಣ ಮಾತ್ರ ಚೂಪು ಗೆರೆ ಕೊಡುತ್ತದೆ.

ನಾಲ್ಕು ಫಾಸ್ಫೀನ್ ಕೂತ ಹಳದಿ ಪಲೇಡಿಯಂ(0) ಸಂಕೀರ್ಣದಲ್ಲಿ ದಿಬ್ಬ ಬಂದರೆ ಗಾಬರಿ ಬೇಡ. ದ್ರಾವಣದಲ್ಲಿ ಒಂದು ಫಾಸ್ಫೀನ್ ಬಿಟ್ಟು ಕೂರುತ್ತಾ ಏಳುತ್ತಾ ಇರುತ್ತದೆ. ತಣ್ಣಗೆ ಮಾಡಿ ಓಡಿಸಿದರೆ ಗೆರೆ ಚೂಪಾಗುತ್ತದೆ. ಎರಡೂ ಅಲ್ಲದಿದ್ದರೆ ಸ್ಪೆಕ್ಟ್ರಂನ ಕಿಟಕಿ ಚಿಕ್ಕದಾಗಿತ್ತಾ ಅಂತ ಆಪರೇಟರನ್ನು ಕೇಳಿ.

ಇಂಥದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ

ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬಂದರೆ. ಅದು ಫಾಸ್ಫೀನ್ ಅನಿಲ (ನಮ್ಮ ಲಿಗ್ಯಾಂಡ್ ಅಲ್ಲ, PH₃) ಇರಬಹುದು. ಗೋದಾಮಿನಲ್ಲಿ ಹುಳಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಬಿಡುವುದೂ ಇದೇ ವಿಷವನ್ನು. ಮೂಸಿ ನೋಡಿ ಗುರುತು ಹಿಡಿಯಲು ಹೋಗಬೇಡಿ. ಹೊರಗೆ ಬನ್ನಿ, 112ಕ್ಕೆ ಕರೆ ಮಾಡಿ. ಉಸಿರಾಡಿದವರು "ಏನಾಗಿಲ್ಲ ಬಿಡಿ" ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ಗಂಟೆ ಬಿಟ್ಟೂ ಶುರುವಾಗಬಹುದು.

ಟ್ರೈಮೀಥೈಲ್‌ಫಾಸ್ಫೀನ್‌ನಂಥ ಆಲ್ಕೈಲ್ ಫಾಸ್ಫೀನ್ ಬೇಕು ಎನ್ನುವ ವಿಧಾನ ಸಿಕ್ಕರೆ ಅಲ್ಲಿಗೇ ಬಿಡಿ. ಅವು ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತವೆ. ಗ್ಲೋವ್ ಬಾಕ್ಸ್ ಇರುವ ದೊಡ್ಡ ಲ್ಯಾಬಿನವರ ಜೊತೆ ಸೇರಿ ಮಾಡಿ.

ಎಲ್ಲ ಸರಿ, ಧಾತು ವಿಶ್ಲೇಷಣೆಯಲ್ಲಿ ಮಾತ್ರ ಇಂಗಾಲ ಕಡಿಮೆ

ಎನ್‌ಎಂಆರ್ ಶುದ್ಧ, ಬಣ್ಣ ಸರಿ, ಆದರೆ ಎರಡು ಕ್ಲೋರೈಡ್ ಇರುವ ಹಳದಿ ಪಲೇಡಿಯಂ ಸಂಕೀರ್ಣದಲ್ಲಿ ಇಂಗಾಲ 61.6 ಶೇಕಡ ಬರಬೇಕಾದಲ್ಲಿ 58.9 ಬಂತು. ಹರಳು ಕಟ್ಟಿಸಿದ್ದು ಡೈಕ್ಲೋರೋಮೀಥೇನ್‌ನಲ್ಲಾ? ಹಾಗಾದರೆ ಒಂದು ಸಂಕೀರ್ಣಕ್ಕೆ ಅರ್ಧ ಅಣುವಿನಂತೆ ದ್ರಾವಕ ಹರಳಿನೊಳಗೆ ಸಿಕ್ಕಿಕೊಂಡಿದೆ ಎಂದು ಲೆಕ್ಕ ಹಾಕಿದರೆ 58.9ಕ್ಕೇ ಬಂದು ಕೂರುತ್ತದೆ. ಲೆಕ್ಕ ಹೊಂದಿತು ಅಂತ ಅಷ್ಟಕ್ಕೇ ಬಿಡಬೇಡಿ. ಪ್ರೋಟಾನ್ ಎನ್‌ಎಂಆರ್‌ನಲ್ಲಿ 5.30 ಪಿಪಿಎಂ ಹತ್ತಿರ (ಡ್ಯೂಟೀರಿಯಂ ಕ್ಲೋರೋಫಾರ್ಮ್‌ನಲ್ಲಿ) ಆ ದ್ರಾವಕದ ಗೆರೆ ಇದೆಯಾ, ಫೀನೈಲಿನ ಮೂವತ್ತು ಹೈಡ್ರೋಜನ್‌ಗೆ ಅದು ಒಂದರ ಲೆಕ್ಕಕ್ಕೆ ಬರುತ್ತದಾ ನೋಡಿ. ಬಂದರೆ ಹರಳನ್ನು ಪುಡಿ ಮಾಡಿ, ವ್ಯಾಕ್ಯೂಮಿನಲ್ಲಿ ಮೆಲ್ಲಗೆ ಬಿಸಿ ಕೊಟ್ಟು ಒಂದು ರಾತ್ರಿ ಒಣಗಿಸಿ, ಇನ್ನೊಮ್ಮೆ ಕಳಿಸಿ.